ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಅಪ್ಪನಿಗೆ

ಪ್ರಶ್ನೆ: ಡಾಕ್ಟರ್, ನನಗೆ 31 ವರ್ಷ, ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಹೆಂಡತಿಗೆ ಈಗ ಎಂಟನೇ ತಿಂಗಳು. ಸೀಮಂತ ಮುಗಿಸಿಕೊಂಡು ತರೀಕೆರೆಯ ತವರಿಗೆ ಹೋಗಿದ್ದಾಳೆ, ಹೆರಿಗೆ ಶಿವಮೊಗ್ಗದಲ್ಲಿ. ಆ ಹೊತ್ತಿನಲ್ಲಿ ಅವಳ ಜೊತೆಗಿರಬೇಕು ಅಂತ ನನಗೆ ಆಸೆ. ನಮ್ಮಮ್ಮ, ಅತ್ತೆ ಇಬ್ಬರೂ "ಗಂಡಸರಿಗೆ ಅಲ್ಲೇನು ಕೆಲಸ" ಅನ್ನುತ್ತಾರೆ. ರಕ್ತ ಕಂಡರೆ ನನಗೆ ತಲೆ ಸುತ್ತುವುದೂ ನಿಜ. ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ ಅಪ್ಪ ಮಗುವನ್ನು ಎದೆಗೆ ಹಾಕಿಕೊಳ್ಳದಿದ್ದರೆ ಬಾಂಧವ್ಯ ಬೆಳೆಯುವುದೇ ಇಲ್ಲ ಅಂತ ಎಲ್ಲೋ ಓದಿ ಭಯವಾಗಿದೆ. ಆಮೇಲೆ ಐದು ತಿಂಗಳು ಬಾಣಂತನ ತವರಲ್ಲೇ, ನಾನು ಶನಿವಾರ ಹೋಗಿ ಭಾನುವಾರ ಬರುವವನು. ನಮ್ಮಪ್ಪ ನನ್ನನ್ನು ಮೊದಲು ನೋಡಿದ್ದು ನಾಮಕರಣದ ದಿನವಂತೆ. ಇವತ್ತಿಗೂ ಅವರ ಹತ್ತಿರ ನನಗೆ ಮಾತು ಕಡಿಮೆ. ನನ್ನ ಮಗುವಿಗೂ ನಾನು ಹಾಗೇ ಆಗಿಬಿಡುತ್ತೇನಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಹಾಗಾಗಬೇಕಿಲ್ಲ. ಆದರೆ ಅದು ನೀವು ಹೆರಿಗೆ ಕೋಣೆಯೊಳಗೆ ಇದ್ದಿರೋ ಇಲ್ಲವೋ ಎನ್ನುವುದರ ಮೇಲೆ ನಿಂತಿಲ್ಲ. ಆಮೇಲಿನ ಐದು ತಿಂಗಳಲ್ಲಿ ನಿಮ್ಮ ಕೈಗಳು ಏನು ಮಾಡುತ್ತವೆ ಎನ್ನುವುದರ ಮೇಲೆ ನಿಂತಿದೆ.

ನಾನು ಹಸುಗೂಸುಗಳ ವೈದ್ಯೆ. ಹೆರಿಗೆಯ ಹೊತ್ತಿನಲ್ಲಿ ಕೋಣೆಯ ಮೂಲೆಯಲ್ಲಿ, ವಾರ್ಮರ್ ಪಕ್ಕ, ಬೆಚ್ಚಗಿನ ಬಟ್ಟೆ ಹಿಡಿದು ಕಾಯುವುದು ನನ್ನ ಕೆಲಸ. ಆ ಮೂಲೆಯಿಂದ ಎರಡು ಕಡೆಯೂ ಕಾಣುತ್ತದೆ: ಒಳಗೆ ನೋವು ತಿನ್ನುತ್ತಿರುವ ತಾಯಿ, ಬಾಗಿಲ ಸಂದಿಯಲ್ಲಿ ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತ ಅಪ್ಪ. ಮಗು ಅತ್ತ ಸದ್ದು ಕೇಳಿದ ಕೂಡಲೇ ಆ ಅಪ್ಪಂದಿರು ಕೇಳುವ ಮೊದಲ ಮಾತು ಹೆಚ್ಚಿನ ಸಲ "ಅವಳು ಹೇಗಿದ್ದಾಳೆ?" ಎಂದೇ. ಗಂಡೋ ಹೆಣ್ಣೋ ಎನ್ನುವ ಪ್ರಶ್ನೆ ಬರುವುದು ಅವರ ಹಿಂದೆ ನಿಂತವರಿಂದ. ಇಷ್ಟು ವರ್ಷ ಇದನ್ನು ನೋಡಿದ್ದರಿಂದ, ಗಂಡಸರಿಗೆ ಅಲ್ಲೇನು ಕೆಲಸ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ನಿಮಗೆ ಒಂದು ಪ್ರಶ್ನೆ: ನೀವು ಅಲ್ಲಿರುವುದು ನಿಮ್ಮ ಹೆಂಡತಿಗೆ ಬೇಕೇ? ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ನಿಮ್ಮ ಆಸೆ ಇದೆ, ಅಮ್ಮನ ಮಾತಿದೆ, ಅತ್ತೆಯ ಮಾತಿದೆ. ಹೆರುವವಳ ಮಾತು ಮಾತ್ರ ಇಲ್ಲ.

ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ನೋವಿನ ಹೊತ್ತಿನಲ್ಲಿ ಮೈಮೇಲಿನ ಬಟ್ಟೆಯ ಪರಿವೆ ಇರುವುದಿಲ್ಲ, ವಾಂತಿಯಾಗುತ್ತದೆ, ಮಲ ಹೋಗುತ್ತದೆ, ಬಾಯಿಗೆ ಬಂದಂತೆ ಕೂಗುವುದೂ ಉಂಟು. ಅದನ್ನು ಗಂಡ ನೋಡಬಾರದು ಎಂದು ಕೆಲವರಿಗೆ ಅನಿಸುತ್ತದೆ. ಕೆಲವರಿಗೆ ಅಮ್ಮನೇ ಬೇಕು, ಇನ್ನು ಕೆಲವರಿಗೆ ಗಂಡ ಬಿಟ್ಟರೆ ಬೇರೆ ಯಾರೂ ಬೇಡ. ಮೊದಲು ಗಂಡ ಇರಲಿ ಎಂದವರು ನೋವು ಬಿಗಿಯಾದಾಗ "ಹೊರಗೆ ಹೋಗಿ" ಅಂದದ್ದನ್ನೂ ನೋಡಿದ್ದೇನೆ. ಆ ಕೋಣೆಯೊಳಗೆ ಅವಳ ಮಾತೇ ಕೊನೆಯ ಮಾತು. ಅವಳು ಅಮ್ಮನನ್ನು ಆರಿಸಿಕೊಂಡರೆ ಬೇಸರ ಮಾಡಿಕೊಳ್ಳಬೇಡಿ, ಬಾಗಿಲ ಹೊರಗಿನ ಕೆಲಸವೂ ಕಡಿಮೆ ಏನಿಲ್ಲ.

ಇನ್ನು ಹಿರಿಯರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಬಂತು ಎಂದು ನೋಡಬೇಕು. ನಿಮ್ಮ ಅಜ್ಜಿಯ ಕಾಲದಲ್ಲಿ ಹೆರಿಗೆ ನಡೆಯುತ್ತಿದ್ದದ್ದು ಮನೆಯ ಒಳಕೋಣೆಯಲ್ಲಿ. ಸೂಲಗಿತ್ತಿ ಇರುತ್ತಿದ್ದಳು, ಅಮ್ಮ, ಅತ್ತಿಗೆ, ಪಕ್ಕದ ಮನೆಯ ಅನುಭವಸ್ಥೆ ಇರುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಅವರು ಮಾಡಿಸಿದ ಹೆರಿಗೆಗಳು 15 ಸಾವಿರಕ್ಕೂ ಮೇಲು ಎಂದು ನಾಡೆಲ್ಲ ಓದಿತು. ಅಂಥವರ ಕೈಯಲ್ಲಿ ಮಗು ಹುಟ್ಟುವಾಗ ಹೆಂಗಸು ಒಂದು ಗಳಿಗೆಯೂ ಒಂಟಿಯಾಗಿರುತ್ತಿರಲಿಲ್ಲ. ಬೆನ್ನು ತಿಕ್ಕುವವರು, ಹಣೆ ಒರೆಸುವವರು, ಬಾಯಿಗೆ ನೀರು ಹನಿಸುವವರು ಸುತ್ತ ಇರುತ್ತಿದ್ದರು. ಗಂಡಸಿಗೆ ಅಲ್ಲಿ ನಿಜವಾಗಿಯೂ ಕೆಲಸ ಇರಲಿಲ್ಲ.

ಆಮೇಲೆ ಹೆರಿಗೆ ಆಸ್ಪತ್ರೆಗೆ ಬಂತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ದಾರಿಯಲ್ಲಿ ಒಂದು ವಸ್ತು ಬಿದ್ದುಹೋಯಿತು. ಒಳಕೋಣೆಯ ಆ ಹೆಂಗಸರೆಲ್ಲ ಆಸ್ಪತ್ರೆಯ ಬಾಗಿಲ ಹೊರಗೆ ಉಳಿದರು. ನಾಲ್ಕು ಹಾಸಿಗೆಗೆ ಒಬ್ಬರೇ ಸಿಸ್ಟರ್, ಅವರಿಗೆ ಕೈ ಹಿಡಿದು ಕೂರಲು ಪುರುಸೊತ್ತೆಲ್ಲಿ? ಹಾಗಾಗಿ ಇವತ್ತು ನಾವು ಯೋಚಿಸಬೇಕಾದದ್ದು ಗಂಡಸು ಒಳಗೆ ಹೋಗಬಹುದೇ ಎಂದಲ್ಲ, ಹೆಂಗಸು ಒಳಗೆ ಒಂಟಿಯಾಗಿರಬೇಕೇ ಎಂದು. ಅತ್ತೆಯವರ ಹತ್ತಿರ ಮಾತಾಡುವಾಗ ಇಲ್ಲಿಂದ ಶುರು ಮಾಡಿ ನೋಡಿ. "ನಾನು ಒಳಗಿರಬೇಕು" ಎಂದರೆ ಹಟದಂತೆ ಕೇಳುತ್ತದೆ. "ಅವಳು ಒಂಟಿಯಾಗಿರಬಾರದು ಅತ್ತೆ, ನೀವೋ ನಾನೋ ಯಾರಾದರೂ ಇರೋಣ" ಎಂದರೆ ಅವರೇ ನಿಮ್ಮ ಪರ ನಿಲ್ಲುತ್ತಾರೆ.

ಜೊತೆಗೊಬ್ಬರು ಇರುವುದು ಬರೀ ಸಮಾಧಾನದ ಮಾತಲ್ಲ. ಹೆರಿಗೆಯುದ್ದಕ್ಕೂ ಜೊತೆಗಾರರಿದ್ದರೆ ಏನಾಗುತ್ತದೆ ಎಂದು ನೋಡಿದ 26 ಪ್ರಯೋಗಗಳನ್ನು, 15 ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು, 2017ರಲ್ಲಿ ಒಟ್ಟಿಗೆ ಇಟ್ಟು ಅಳೆದರು. ಜೊತೆಗಾರರಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ತುಸು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ, ಹೆರುವವಳು ತಾನೇ ಆರಿಸಿಕೊಂಡ ಒಬ್ಬರು ಜೊತೆಗಿರಬೇಕು ಎಂದು ಶಿಫಾರಸು ಮಾಡಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೂ ಮೊದಲೇ, 2016ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಜೊತೆಗಾರರಿಗೆ ಅವಕಾಶ ಕೊಟ್ಟಿದೆ. ಅಲ್ಲಿ ಹೇಳಿರುವುದು ಮುಖ್ಯವಾಗಿ ಹೆರಿಗೆಯ ಅನುಭವವಿರುವ ಹೆಂಗಸರ ಬಗ್ಗೆ. ಒಬ್ಬೊಬ್ಬರಿಗೂ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು ಎಂದಿದೆ. ಈ ಮರೆಯ ಮಾತು ಮುಖ್ಯ. ಒಂದೇ ಹಾಲಿನಲ್ಲಿ ಐದಾರು ಮಂದಿ ನೋವು ತಿನ್ನುತ್ತಿರುವಾಗ ನಿಮ್ಮನ್ನು ಒಳಗೆ ಬಿಟ್ಟರೆ ಉಳಿದ ಹೆಂಗಸರ ಮಾನದ ಪ್ರಶ್ನೆ ಬರುತ್ತದೆ. ಅಂಥ ಕಡೆ ಸಿಸ್ಟರ್ ನಿಮ್ಮನ್ನು ತಡೆದರೆ ಅವರು ಮಾಡುತ್ತಿರುವುದು ಸರಿಯಾದ ಕೆಲಸವೇ.

ಆದ್ದರಿಂದ ಈಗಲೇ, ಮುಂದಿನ ತಪಾಸಣೆಗೆ ಜೊತೆಗೆ ಹೋಗಿ ಕೇಳಿ. ಪ್ರತ್ಯೇಕ ಕೋಣೆ ಇದೆಯೇ, ಗಂಡನನ್ನು ಬಿಡುತ್ತಾರೆಯೇ, ಬಿಟ್ಟರೆ ಎಲ್ಲಿಯವರೆಗೆ? ಕೆಲವು ಕಡೆ ನೋವು ತಿನ್ನುವಷ್ಟು ಹೊತ್ತು ಬಿಟ್ಟು ಕೊನೆಯ ಹಂತದಲ್ಲಿ ಹೊರಗೆ ಕಳಿಸುತ್ತಾರೆ. ಅಷ್ಟೇ ಸಿಕ್ಕರೂ ಬಿಡಬೇಡಿ. ಜೊತೆ ಹೆಚ್ಚು ಬೇಕಾಗುವುದು ಆ ಉದ್ದದ ಹೊತ್ತಿನಲ್ಲೇ. ಗರ್ಭಕಂಠ ಐದು ಸೆಂಟಿಮೀಟರ್ ತೆರೆಯುವವರೆಗಿನ ಮೊದಲ ಭಾಗ ನಿಧಾನ, ಕೆಲವರಿಗೆ ಒಂದು ದಿನವನ್ನೇ ನುಂಗುತ್ತದೆ. ಅಲ್ಲಿಂದ ಮುಂದೆ ಚೊಚ್ಚಲಿಗೆ ಹನ್ನೆರಡು ಗಂಟೆಯವರೆಗೂ ಹಿಡಿಯಬಹುದು. ಬೆಂಗಳೂರಿನಿಂದ ಹೊರಟರೆ ತಲುಪುತ್ತೇನೋ ಇಲ್ಲವೋ ಎನ್ನುವ ಆತಂಕ ನಿಮಗಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ: ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ನಿಮಗೆ ಬೇಕಾದಷ್ಟು ಸಮಯ ಕೊಡುತ್ತದೆ. ಬ್ಯಾಗು ಕಟ್ಟಿಟ್ಟಿರಿ. ಫೋನ್ ಬಂದ ರಾತ್ರಿ ಒಬ್ಬರೇ ಕಾರು ಓಡಿಸಿಕೊಂಡು ಹೊರಡಬೇಡಿ, ರೈಲೋ ಬಸ್ಸೋ ಹತ್ತಿ. ಡಾಕ್ಟರು ಕೊಟ್ಟ ದಿನಾಂಕವನ್ನೇ ನಂಬಿ ರಜೆ ಹಾಕಿ ಕೂರಬೇಡಿ, ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ.

ಒಳಗೆ ಬಿಟ್ಟರೆ ಏನು ಮಾಡಬೇಕು? ತಲೆಯ ಹತ್ತಿರ ನಿಲ್ಲಿ ಅಥವಾ ಕುಳಿತುಕೊಳ್ಳಿ. ಅಲ್ಲಿ ನಿಂತವರ ಕಣ್ಣಿಗೆ ರಕ್ತ ಹೆಚ್ಚು ಬೀಳುವುದಿಲ್ಲ, ನಿಮ್ಮ ತಲೆಸುತ್ತಿಗೆ ಅರ್ಧ ಪರಿಹಾರ ಅದೇ. ಇನ್ನರ್ಧ ಹೊಟ್ಟೆಗೆ ಸಂಬಂಧಿಸಿದ್ದು. ಹೆಂಡತಿ ನೋವು ತಿನ್ನುವಾಗ ತಾನು ಹೇಗೆ ತಿನ್ನಲಿ ಎಂದು ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿ ನಿಂತವರೇ ಬೆಳಗಿನ ಜಾವ ಕುಸಿಯುವುದು. ಎರಡು ಇಡ್ಲಿ ತಿಂದು ಬನ್ನಿ. ತಲೆ ಹಗುರಾದಂತೆ ಅನಿಸಿದರೆ ನಾಚಿಕೆ ಬಿಟ್ಟು ನೆಲದ ಮೇಲೆ ಕೂತುಬಿಡಿ, ನೀವು ಬಿದ್ದು ತಲೆ ಒಡೆದುಕೊಂಡರೆ ಸಿಸ್ಟರಿಗೆ ಇಬ್ಬರು ರೋಗಿಗಳಾಗುತ್ತಾರೆ. ನೋವು ಬಂದಾಗ ಬೆನ್ನಿನ ಕೆಳಭಾಗಕ್ಕೆ, ಸೊಂಟದ ಮೂಳೆಯ ಮೇಲೆ, ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಷ್ಟು ಗಟ್ಟಿ ಎಂದು ಅವಳೇ ಹೇಳುತ್ತಾಳೆ. ನೋವಿನ ನಡುವೆ ಬಿಡುವು ಸಿಕ್ಕಾಗ ಒಂದು ಗುಟುಕು ನೀರು ಕೊಡಿ, ಡಾಕ್ಟರು ಬೇಡವೆನ್ನದಿದ್ದರೆ ನಾಲ್ಕು ಹೆಜ್ಜೆ ನಡೆಸಿ. ಡಾಕ್ಟರು ಹೇಳಿದ್ದು ನೋವಿನಲ್ಲಿ ಅವಳಿಗೆ ಕೇಳಿಸದೇ ಹೋಗಿರುತ್ತದೆ, ಅದನ್ನು ಮೆಲ್ಲಗೆ ಮತ್ತೆ ಹೇಳಿ. ಮಾತು ಸಾಕು ಎನಿಸಿದರೆ ಸುಮ್ಮನೆ ಕೈ ಹಿಡಿದಿರಿ. ಫೋನ್ ಜೇಬಿನಲ್ಲೇ ಇರಲಿ. ಒಬ್ಬರು ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿದರು. ಅವರ ಹೆಂಡತಿ ಎರಡು ಸಲ ಕೈ ಚಾಚಿದ್ದು ನನಗೆ ಕಂಡಿತು, ಕ್ಯಾಮೆರಾ ಹಿಡಿದವರಿಗೆ ಕಾಣಲಿಲ್ಲ. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಸಿಸೇರಿಯನ್ ಆದರೆ? ನಮ್ಮ ರಾಜ್ಯದಲ್ಲಿ ಹತ್ತು ಹೆರಿಗೆಯಲ್ಲಿ ಮೂರು ಸಿಸೇರಿಯನ್, ಹಾಗಾಗಿ ಮನಸ್ಸಿನಲ್ಲಿ ಅದಕ್ಕೂ ಸಿದ್ಧರಾಗಿರಿ. ಆಪರೇಷನ್ ಥಿಯೇಟರಿನೊಳಗೆ ಗಂಡನನ್ನು ಬಿಡುವ ಆಸ್ಪತ್ರೆಗಳು ನಮ್ಮಲ್ಲಿ ಕಡಿಮೆ. ಆದರೆ ನಿಮ್ಮ ಕೆಲಸ ನಿಜವಾಗಿ ಶುರುವಾಗುವುದು ಇಲ್ಲೇ. ತಾಯಿಗೆ ಹೊಲಿಗೆ ಹಾಕುತ್ತಿರುವಾಗ ಮಗುವನ್ನು ನಾವು ಒರೆಸಿ, ಪರೀಕ್ಷಿಸಿ, ಬಟ್ಟೆ ಸುತ್ತಿ ಹೊರಗೆ ತರುತ್ತೇವೆ. ಹೊರಗೆ ಅಜ್ಜಿ ಕೈ ಚಾಚಿರುತ್ತಾರೆ, ಅಪ್ಪ ಎರಡು ಹೆಜ್ಜೆ ಹಿಂದೆ ಸರಿದಿರುತ್ತಾನೆ. ನೀವು ಹಿಂದೆ ಸರಿಯಬೇಡಿ. ಮಗು ಗಟ್ಟಿಯಾಗಿದ್ದರೆ, ಅದನ್ನು ನನ್ನ ಎದೆಯ ಮೇಲೆ ಹಾಕುತ್ತೀರಾ ಎಂದು ಕೇಳಿ. ಶರ್ಟಿನ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕುಳಿತುಕೊಳ್ಳಿ. ಡೈಪರ್, ಟೋಪಿ ಬಿಟ್ಟು ಬೇರೇನೂ ಇಲ್ಲದ ಕೂಸನ್ನು ನೆಟ್ಟಗೆ ಎದೆಗೆ ಒರಗಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಬಿಡುವಾಗಿರಲಿ, ಮೇಲೊಂದು ಶಾಲು. ಸೆಂಟು, ಬೀಡಿ ಸಿಗರೇಟಿನ ವಾಸನೆ ಬೇಡ. ಎದೆಯ ಮೇಲಿನ ಕೂದಲು ಅಡ್ಡಿಯಲ್ಲ, ಎಲ್ಲರೂ ನಾಚಿಕೊಂಡು ಕೇಳುವುದರಿಂದ ಹೇಳಿದೆ. ಸ್ವೀಡನ್ನಿನಲ್ಲಿ ಸಿಸೇರಿಯನ್ ಆದ ಮಕ್ಕಳನ್ನು ಹೀಗೆ ಅಪ್ಪನ ಎದೆಗೆ ಕೊಟ್ಟು ನೋಡಿದಾಗ, ತೊಟ್ಟಿಲಲ್ಲಿ ಮಲಗಿಸಿದ ಮಕ್ಕಳಿಗಿಂತ ಅವು ಬೇಗ ಅಳು ನಿಲ್ಲಿಸಿ ನಿದ್ದೆಗೆ ಜಾರಿದವು.

ತಿಂಗಳು ತುಂಬದೆ, ತೂಕ ಕಡಿಮೆ ಹುಟ್ಟಿದ ಮಕ್ಕಳಿಗಂತೂ ಈ ಎದೆಯೇ ಔಷಧ. ಕಾಂಗರೂ ಆರೈಕೆ ಎಂದು ಕೇಳಿರುತ್ತೀರಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೊಟಾದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಉಪಾಯ ಅದು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 1.8 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಮೊದಲ 28 ದಿನಗಳ ಸಾವು ಕಾಲು ಭಾಗ ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆ, ಮನೆಯವರನ್ನೆಲ್ಲ ಸೇರಿಸಿಕೊಂಡು ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ. ನನ್ನ ಘಟಕದಲ್ಲಿ ಒಮ್ಮೆ, ಬಿಪಿ ಏರಿ ತಾಯಿ ಐಸಿಯುನಲ್ಲಿದ್ದಳು, ಕೂಸು 1.4 ಕಿಲೋ. ಅಪ್ಪ ಲಾರಿ ಓಡಿಸುವವರು, ಕೂಸನ್ನು ಮುಟ್ಟಲೂ ಹೆದರುತ್ತಿದ್ದರು. "ನನ್ನ ಕೈ ಒರಟು ಮೇಡಂ" ಅಂದರು. ಕೈ ಬೇಡ, ಎದೆ ಕೊಡಿ ಎಂದೆ. ಮೊದಲ ದಿನ ಒಂದು ಗಂಟೆ, ನಾಲ್ಕನೇ ದಿನಕ್ಕೆ ಆರು ಗಂಟೆ. ತಾಯಿ ವಾರ್ಡಿಗೆ ಬಂದಾಗ ಕೂಸನ್ನು ಹೇಗೆ ಎತ್ತಿಕೊಳ್ಳಬೇಕು ಎಂದು ಅವಳಿಗೆ ಹೇಳಿಕೊಟ್ಟದ್ದು ಅವರೇ.

ಈಗ ನಿಮ್ಮನ್ನು ಕಾಡುತ್ತಿರುವ ಮೊದಲ ಗಂಟೆಯ ವಿಚಾರ. ಹುಟ್ಟಿದ ಮೊದಲ ಗಂಟೆ ಅಮೂಲ್ಯ ಎನ್ನುವುದು ನಿಜ, ಆದರೆ ಅದು ಎದೆಹಾಲಿನ ಗಂಟೆ. ಕೂಸು ತಾಯಿಯ ಎದೆಯ ಮೇಲಿದ್ದು ಮೊಲೆ ಹುಡುಕಿಕೊಳ್ಳುವ ಹೊತ್ತು. ಸಹಜ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಆ ಗಂಟೆಯಲ್ಲಿ ನಿಮ್ಮ ಎದೆ ಬೇಡ. ಕಾವಲು ಬೇಕು. ಫೋಟೊ ತೆಗೆಯುವವರು, "ಕೊಡಿ ಕೊಡಿ, ಸ್ನಾನ ಮಾಡಿಸೋಣ" ಎನ್ನುವವರು ಹತ್ತಿರ ಬರದಂತೆ ನೋಡಿಕೊಳ್ಳಿ. ಆ ಹೊತ್ತು ತಪ್ಪಿದರೆ ಬಾಂಧವ್ಯವೇ ಇಲ್ಲ ಎನ್ನುವ ಭಯ ಹುಟ್ಟಿದ್ದು 1970ರ ದಶಕದಲ್ಲಿ. ಅಮೆರಿಕದ ಮಕ್ಕಳ ವೈದ್ಯರಾದ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಅವರು ತಾಯಿ ಮಗುವನ್ನು ಹುಟ್ಟಿದ ಕೂಡಲೇ ಬೇರೆ ಮಾಡಬೇಡಿ ಎಂದು ಹೋರಾಡಿದರು. ಆ ಹೋರಾಟದಿಂದ ಆಸ್ಪತ್ರೆಗಳ ಕಠೋರ ನಿಯಮಗಳು ಸಡಿಲಗೊಂಡವು, ನಾವೆಲ್ಲ ಅವರಿಗೆ ಋಣಿಗಳು. ಆದರೆ ಮೊದಲ ಗಂಟೆಗಳು ತಪ್ಪಿದರೆ ಮತ್ತೆ ಸಿಗದು ಎನ್ನುವಂತಿದ್ದ ಮಾತನ್ನು ಅವರೇ ಆಮೇಲೆ ಮೆದುಗೊಳಿಸಿದರು. ಮನುಷ್ಯರ ಮಕ್ಕಳ ನಂಟು ಒಂದು ಗಂಟೆಗೆ ಬಾಗಿಲು ಹಾಕಿಕೊಳ್ಳುವಂಥದ್ದಲ್ಲ. ತಿಂಗಳ ಮಗುವನ್ನು ದತ್ತು ತೆಗೆದುಕೊಂಡ ಅಪ್ಪಂದಿರನ್ನು ನೋಡಿದರೆ ಸಾಕು.

ಇಲ್ಲಿ ಒಂದು ಮಾತು. ಹೊಸದಾಗಿ ಹುಟ್ಟಿದ ಕೂಸಿನ ಬಳಿ ಅಪ್ಪನಿಗೆ ಜಾಗವಿರುವುದು ಪಶ್ಚಿಮದಿಂದ ಬಂದ ಹೊಸ ರೂಢಿ ಎಂದು ಮನೆಯಲ್ಲಿ ಯಾರಾದರೂ ಅಂದರೆ ಜಾತಕರ್ಮವನ್ನು ನೆನಪಿಸಿ. ಹೊಕ್ಕುಳ ಬಳ್ಳಿ ಕತ್ತರಿಸುವ ಮೊದಲೇ ಅಪ್ಪ ಬಂದು ಕೂಸಿನ ಕಿವಿಯಲ್ಲಿ ಮಾತು ಉಸುರಬೇಕು ಎನ್ನುವ ಹಳೆಯ ಸಂಸ್ಕಾರ ಅದು. ಮುಸ್ಲಿಂ ಮನೆಗಳಲ್ಲಿ ಕೂಸಿನ ಬಲಗಿವಿಯಲ್ಲಿ ಅಜಾನ್ ಹೇಳುವುದು ಹೆಚ್ಚಾಗಿ ಅಪ್ಪನೇ, ನಮ್ಮ ಆಸ್ಪತ್ರೆಯಲ್ಲಿ ಅದಕ್ಕಾಗಿ ಬಾಗಿಲ ಬಳಿ ಕಾಯುವ ಅಪ್ಪಂದಿರಿದ್ದಾರೆ. ಕಿವಿಯಲ್ಲಿ ಹೇಳುವುದನ್ನು ಧಾರಾಳವಾಗಿ ಹೇಳಿ. ಜಾತಕರ್ಮದ ಜೇನುತುಪ್ಪ ಮಾತ್ರ ಬೇಡ. ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಮೊದಲ ಆಹಾರ ಎದೆಹಾಲೇ ಆಗಬೇಕು.

ಕಿವಿಯ ಮಾತು ಬಂದದ್ದರಿಂದ ಇನ್ನೊಂದು ಸತ್ಯ ಹೇಳಬೇಕು, ಮೊದಲಿಗೆ ಸ್ವಲ್ಪ ಕಹಿ ಎನಿಸಬಹುದು. ಹೊಟ್ಟೆಯಲ್ಲಿರುವಾಗ ಮಾತಾಡಿಸಿದರೆ ಹುಟ್ಟಿದ ಮೇಲೆ ಮಗು ಅಪ್ಪನ ದನಿ ಗುರುತಿಸಿ ತಿರುಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಹುಟ್ಟಿದ ಮೊದಲ ದಿನಗಳಲ್ಲೇ ಮಕ್ಕಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಆರಿಸಿಕೊಂಡವು. ಅಪ್ಪನ ದನಿ ಮತ್ತು ಬೇರೆ ಗಂಡಸಿನ ದನಿ ಬೇರೆ ಬೇರೆ ಎಂದು ಅವಕ್ಕೆ ತಿಳಿಯುತ್ತಿತ್ತು, ಆದರೆ ಅಪ್ಪನದೇ ಬೇಕು ಎನ್ನುವ ಒಲವು ಕಾಣಲಿಲ್ಲ. ನನಗೆ ಇದರಲ್ಲಿ ಬೇಸರವಿಲ್ಲ, ಸಮಾಧಾನವಿದೆ. ತಾಯಿಗೆ ಒಂಬತ್ತು ತಿಂಗಳ ಮುಂಗಡ ಇದೆ, ಅಪ್ಪನ ಲೆಕ್ಕ ಹುಟ್ಟಿದ ದಿನ ಶುರುವಾಗುತ್ತದೆ. ಎಲ್ಲ ಅಪ್ಪಂದಿರಿಗೂ ಹಾಗೆಯೇ. ನೀವು ಏನನ್ನೂ ಕಳೆದುಕೊಂಡು ಹಿಂದೆ ಬಿದ್ದಿಲ್ಲ.

ಕೂಸಿನ ಕಡೆಯಿಂದ ಮಾತ್ರವಲ್ಲ, ನಿಮ್ಮ ಕಡೆಯಿಂದಲೂ ನಂಟು ಬೆಳೆಯುವುದು ಕೆಲಸದಿಂದಲೇ. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ ಆರುನೂರಕ್ಕೂ ಹೆಚ್ಚು ಯುವಕರನ್ನು ಮದುವೆಗೆ ಮೊದಲಿನಿಂದ ಕೆಲವು ವರ್ಷ ಹಿಂಬಾಲಿಸಿ ರಕ್ತದ ಬದಲು ಜೊಲ್ಲಿನಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಅಳೆದರು. ಅಪ್ಪಂದಿರಾದವರಲ್ಲಿ ಅದು ಇಳಿಯಿತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ, ಮಗುವಿನ ಆರೈಕೆಗೆ ಕೈ ಹಾಕದವರಿಗಿಂತ ಕಡಿಮೆ ಇತ್ತು. ಗಂಡಸಿನ ಮೈ ಕೂಡ ಅಪ್ಪನಾಗಲು ಹೊಂದಿಕೊಳ್ಳುತ್ತದೆ ಎಂದಾಯಿತು. ಹೊಸ ಅಪ್ಪಂದಿರು ಗುಟ್ಟಾಗಿ ನನ್ನ ಬಳಿ ಹೇಳಿಕೊಳ್ಳುವುದುಂಟು: "ಮೇಡಂ, ಎಲ್ಲರೂ ಖುಷಿಯಾಗಿದ್ದಾರೆ, ನನಗೇನೂ ಅನಿಸುತ್ತಿಲ್ಲ." ಅದು ತಪ್ಪಲ್ಲ. ನಾಲ್ಕು ರಾತ್ರಿ ಎತ್ತಿ ಆಡಿಸಿದ ಮೇಲೆ ಅನಿಸತೊಡಗುತ್ತದೆ.

ಹಾಗಾದರೆ ನಿಜವಾದ ಗೋಡೆ ಹೆರಿಗೆ ಕೋಣೆಯ ಬಾಗಿಲಲ್ಲ. ನಮ್ಮಲ್ಲಿ ಗೋಡೆ ಇರುವುದು ತವರುಮನೆಯಲ್ಲಿ, ಅದೂ ಪ್ರೀತಿಯಿಂದ ಕಟ್ಟಿದ ಗೋಡೆ. ತವರಿನ ಬಾಣಂತನ ಹೆಂಗಸಿಗೆ ಸಿಗುವ ದೊಡ್ಡ ಆಸರೆ, ಅದನ್ನು ಮೊಟಕು ಮಾಡಿ ಎಂದು ನಾನು ಹೇಳಲಾರೆ. ತೊಂದರೆ ಇರುವುದು ಅಳಿಯನ ಉಪಚಾರದಲ್ಲಿ. ನೀವು ಶನಿವಾರ ಸಂಜೆ ಇಳಿಯುತ್ತೀರಿ. ಆರು ದಿನ ಸರಿಯಾಗಿ ನಿದ್ದೆಯಿಲ್ಲದ ಅತ್ತೆ ಅಳಿಯಂದಿರು ಬಂದರು ಎಂದು ಒಬ್ಬಟ್ಟಿಗೆ ಹೂರಣ ರುಬ್ಬುತ್ತಾರೆ. ನಿಮ್ಮನ್ನು ಹಾಲಿನಲ್ಲಿ ಕೂರಿಸಿ ಮಾವ ಮಾತಾಡಿಸುತ್ತಾರೆ. ಮಗುವನ್ನು ಸ್ನಾನ ಮಾಡಿಸಿ, ಹಾಲು ಕುಡಿಸಿ, ಕಾಡಿಗೆಯ ಬೊಟ್ಟಿಟ್ಟು ತಂದು ಐದು ನಿಮಿಷ ತೋರಿಸಿ, ಅತ್ತ ಕೂಡಲೇ ಒಳಗೆ ಒಯ್ಯುತ್ತಾರೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಹೊರಡುತ್ತೀರಿ. ಇಪ್ಪತ್ತು ವಾರ ಹೀಗೇ ಹೋದರೆ ಮಗುವನ್ನು ನೀವು ನೋಡಿರುತ್ತೀರಿ ಅಷ್ಟೇ, ನೋಡಿಕೊಂಡಿರುವುದಿಲ್ಲ.

ಇದನ್ನು ಮುರಿಯಲು ಜಗಳ ಬೇಡ. ಒಂದು ಫೋನ್ ಸಾಕು: "ಅತ್ತೆ, ನಾನು ಬರುವಾಗ ಅಡುಗೆ ಏನೂ ವಿಶೇಷ ಬೇಡ, ಅನ್ನ ಸಾರು ಸಾಕು. ಶನಿವಾರ ರಾತ್ರಿ ಮಗು ನನ್ನ ಹತ್ತಿರ ಇರಲಿ, ನೀವು ಮಲಗಿ." ಇದಕ್ಕೆ ಮೊದಲ ವಾರ ನಗುತ್ತಾರೆ, ಎರಡನೇ ವಾರ ಅನುಮಾನದಿಂದ ಬಾಗಿಲ ಬಳಿ ನಿಂತು ನೋಡುತ್ತಾರೆ, ಮೂರನೇ ವಾರ ನಿದ್ದೆ ಹೋಗುತ್ತಾರೆ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಕುಡಿಸುವುದೊಂದು ತಾಯಿಯದು. ಎತ್ತಿ ಅವಳ ಮಗ್ಗುಲಿಗೆ ಕೊಡುವುದು, ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಮತ್ತೆ ನಿದ್ದೆ ಹತ್ತಿಸುವುದು ಎಲ್ಲವೂ ನಿಮ್ಮವಾಗಬಹುದು. ಮಗುವಿನ ಕಣ್ಣಿಗೆ ಈಗ ಚೆನ್ನಾಗಿ ಕಾಣುವುದು ಒಂದು ಗೇಣಿನಷ್ಟು ದೂರ, 20ರಿಂದ 30 ಸೆಂಟಿಮೀಟರ್. ತೋಳಿನಲ್ಲಿ ಎತ್ತಿಕೊಂಡರೆ ನಿಮ್ಮ ಮುಖ ಸರಿಯಾಗಿ ಅಲ್ಲಿಗೇ ಬರುತ್ತದೆ. ಆ ದೂರದಲ್ಲಿ ಮಾತಾಡಿ, ಹಾಡು ಬಾರದಿದ್ದರೆ ಕ್ರಿಕೆಟ್ ಸ್ಕೋರಾದರೂ ಹೇಳಿ. ಎದೆಗೆ ಹಾಕಿಕೊಂಡು ಕುರ್ಚಿಯಲ್ಲೋ ಸೋಫಾದಲ್ಲೋ ನೀವೇ ನಿದ್ದೆ ಹೋಗಬೇಡಿ, ಅದು ಅಪಾಯ. ಕಣ್ಣು ಎಳೆಯುತ್ತಿದ್ದರೆ ಕೂಸನ್ನು ಅದರ ಜಾಗದಲ್ಲಿ ಅಂಗಾತ ಮಲಗಿಸಿ.

ಆರು ವಾರದ ಹೊತ್ತಿಗೆ ಅಳು ತುತ್ತತುದಿಗೆ ಏರುತ್ತದೆ, ಆರೋಗ್ಯವಂತ ಮಗುವೂ ಸಂಜೆ ಕಾರಣವಿಲ್ಲದೆ ಗಂಟೆಗಟ್ಟಲೆ ಅಳಬಹುದು. ನಿಮ್ಮ ಕೈಯಲ್ಲೇ ಅಳುತ್ತಿದೆ ಎಂದರೆ ನಿಮ್ಮನ್ನು ಬೇಡವೆನ್ನುತ್ತಿದೆ ಎಂದಲ್ಲ. ಎಷ್ಟೇ ತಾಳ್ಮೆ ತಪ್ಪಿದರೂ ಮಗುವನ್ನು ಹಿಡಿದು ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ಹಾಸಿಗೆಯಲ್ಲಿ ಮಲಗಿಸಿ, ಹೊರಗೆ ಹೋಗಿ ಐದು ನಿಮಿಷ ನಿಂತು ಬನ್ನಿ. ಸರಿಸುಮಾರು ಅದೇ ಹೊತ್ತಿಗೆ ಮೊದಲ ನಿಜವಾದ ನಗುವೂ ಬರುತ್ತದೆ, ಮುಖ ನೋಡಿ ನಗುವ ನಗು.

ಅಜ್ಜಿಯ ಎಣ್ಣೆ ನೀರಿನ ಸ್ನಾನವನ್ನು ಪಕ್ಕದಲ್ಲಿ ಕೂತು ಕಲಿಯಿರಿ. ಅಲ್ಲಿ ಇಂಟರ್ನೆಟ್ ಓದಿದ ಇನ್‌ಸ್ಪೆಕ್ಟರ್ ಆಗಬೇಡಿ. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಕಣ್ಣಿನೊಳಗೆ ಕಾಡಿಗೆ ಹಚ್ಚುವುದು, ಮುಖದ ಹತ್ತಿರ ಸಾಂಬ್ರಾಣಿ ಹೊಗೆ ಹಿಡಿಯುವುದು, ಈ ಮೂರನ್ನು ಮಾತ್ರ ಬೇಡವೆನ್ನಿ. ಅದನ್ನೂ ನಿಮ್ಮ ಬಾಯಲ್ಲಿ ಹೇಳುವ ಬದಲು ಲಸಿಕೆಗೆ ಹೋದಾಗ ಡಾಕ್ಟರ ಬಾಯಲ್ಲಿ ಹೇಳಿಸಿದರೆ ಮನೆಯ ನೆಮ್ಮದಿ ಉಳಿಯುತ್ತದೆ.

ರಜೆಯ ವಿಷಯ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದ ತಾಯಂದಿರಿಗೆ 2017ರಿಂದ ಕಾನೂನೇ 26 ವಾರ ಕೊಟ್ಟಿದೆ, ಅಪ್ಪಂದಿರಿಗೆ ಅಂಥ ಕಾನೂನಿಲ್ಲ, ನಿಮ್ಮ ಕಂಪನಿ ಕೊಟ್ಟಷ್ಟೇ. ಸಿಕ್ಕ ದಿನಗಳನ್ನೆಲ್ಲ ಹೆರಿಗೆಯ ವಾರದಲ್ಲೇ ಖರ್ಚು ಮಾಡಬೇಡಿ, ಆ ವಾರ ಮನೆ ತುಂಬ ಜನ ಇರುತ್ತಾರೆ. ಒಂದಷ್ಟನ್ನು 6, 10, 14ನೇ ವಾರದ ಲಸಿಕೆಯ ದಿನಗಳಿಗೆ ಉಳಿಸಿಕೊಳ್ಳಿ. ತಾಯಿ ಕಾರ್ಡ್ ನಿಮ್ಮ ಕೈಯಲ್ಲಿರಲಿ, ಸೂಜಿ ಚುಚ್ಚುವಾಗ ಮಗು ನಿಮ್ಮ ತೊಡೆಯ ಮೇಲಿರಲಿ, ಅಂದಿನ ರಾತ್ರಿಯ ಜ್ವರ ಕಿರಿಕಿರಿಗೂ ನೀವೇ ಎಚ್ಚರವಿರಿ. ವಿಡಿಯೊ ಕಾಲ್ ದಿನಾ ಮಾಡಿ, ಅದು ಮಗುವಿಗಿಂತ ನಿಮ್ಮ ಹೆಂಡತಿಗೆ ಬೇಕು. "ಮಗು ತೋರಿಸು" ಎನ್ನುವ ಮೊದಲು "ನಿದ್ದೆ ಬಂತಾ?" ಎಂದು ಕೇಳಿ.

ಆ ಪ್ರಶ್ನೆಯ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಭಾರತದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಐವರು ಬಾಣಂತಿಯರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದರೂ ಇವಳಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಕಂಡರೆ ಭಯವೋ ಬೇಸರವೋ ಎಂದರೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿ ಕೂರುವ ಹೊತ್ತು ಅದಲ್ಲ. 14416ಕ್ಕೆ ಕರೆ ಮಾಡಿ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಹತ್ತು ಅಪ್ಪಂದಿರಲ್ಲಿ ಒಬ್ಬರಿಗೂ ಹೀಗಾಗುತ್ತದೆ, ಹೆಚ್ಚಾಗಿ ಮೂರರಿಂದ ಆರನೇ ತಿಂಗಳಲ್ಲಿ. ಬೆಂಗಳೂರಿನ ಖಾಲಿ ಮನೆಯಲ್ಲಿ ಒಬ್ಬರೇ ಇರುವ ನೀವು ಅದನ್ನು ಬರೀ ಕೆಲಸದ ಆಯಾಸ ಎಂದುಕೊಳ್ಳಬೇಡಿ. ಅದೇ ನಂಬರು ನಿಮಗೂ ಇದೆ.

ನಿಮ್ಮ ತಂದೆಯವರ ಬಗ್ಗೆ ಬರೆದಿದ್ದೀರಿ. ಆ ಕಾಲದಲ್ಲಿ ಅವರನ್ನು ಯಾರೂ ಒಳಗೆ ಕರೆದಿರಲಿಕ್ಕಿಲ್ಲ, ಬರಬೇಕೆಂದು ಅವರಿಗೆ ಅನಿಸಿದ್ದರೂ ಕೇಳುವ ಧೈರ್ಯ ಇದ್ದಿರಲಿಕ್ಕಿಲ್ಲ. ನಾಮಕರಣಕ್ಕೆ ಅವರು ತರೀಕೆರೆಗೆ ಬಂದಾಗ ಜನರೆಲ್ಲ ಊಟಕ್ಕೆ ಎದ್ದ ಹೊತ್ತು ನೋಡಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿ ಮಗುವನ್ನು ತೋಳಿಗೆ ಕೊಡಿ. "ನನಗೆ ಬರಲ್ಲಪ್ಪ" ಎನ್ನಬಹುದು. ಕತ್ತಿನ ಕೆಳಗೆ ಕೈ ಹೇಗಿಡಬೇಕು ಎಂದು ಹೇಳಿಕೊಡಿ, ಅಷ್ಟರಲ್ಲಿ ಅದು ನಿಮಗೆ ಚೆನ್ನಾಗಿ ಬರುತ್ತಿರುತ್ತದೆ.